ಬೆನ್ನಿನ ಸೂಜಿಮದ್ದೂ ಸಂಜೆಯ ಮನೆದಾರಿಯೂ

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಸ್ಪತ್ರೆಯನ್ನು ಸೇರಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯನ್ನು ಮುಗಿಸಿಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ವಂತ ಮನೆಯ ಜಗಲಿಯನ್ನು ಏರುವುದು ನಮ್ಮ ಬಾಲ್ಯದಲ್ಲಿ ಯಾರೂ ಊಹಿಸದ ಸಂಗತಿಯಾಗಿದ್ದಿತು. ಮೊಣಕಾಲನ್ನು ಬಿಡಿಸಿ ನೋಡಿದರೆಂದರೆ ರೋಗಿಯು ವಾರಗಟ್ಟಲೆ ಹಾಸಿಗೆಯನ್ನು ಹಿಡಿಯುವನೆಂಬುದು ಆಗಿನ ಲೋಕಾನುಭವ. ಈಗಲಾದರೋ ಅದು ನಿತ್ಯದ ವ್ಯವಹಾರವಾಗಿದೆ. ನಾವು ವಾಸವಾಗಿರುವ ಮಂಗಳೂರಿನ ಫಳ್ನೀರ್ ಪ್ರದೇಶವನ್ನು ವೈದ್ಯಶಾಲೆಗಳ ಕೇರಿಯೆಂದರೆ ತಪ್ಪಾಗದು. ಒಂದು ಕಡೆಗೆ ಹೋದರೆ ಹಂಪನಕಟ್ಟೆಯ ಬಳಿ ೧೮೪೮ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆ. ಇನ್ನೊಂದು ಕಡೆಗೆ ನಡೆದರೆ ಕಂಕನಾಡಿಯಲ್ಲಿ ಜರ್ಮನ್ ಪಾದ್ರಿಗಳಾದ ಆಗಸ್ಟಸ್ ಮುಲ್ಲರರು ೧೮೮೦ರಲ್ಲಿ ಹೋಮಿಯೋಪಥಿ ಔಷಧಗಳನ್ನು ಹಂಚುವುದರಿಂದ ತೊಡಗಿ ಬೆಳೆಸಿದ ಫಾದರ್ ಮುಲ್ಲರ್ ಆಸ್ಪತ್ರೆ. ನಡುವಿನ ರಸ್ತೆಯಲ್ಲಿ ಖಾಸಗಿ ಚಿಕಿತ್ಸಾಲಯಗಳೂ ಔಷಧದ ಅಂಗಡಿಗಳೂ. ಪುತ್ತೂರು, ಸುಳ್ಯ, ಮಂಜೇಶ್ವರ, ಕಾಸರಗೋಡುಗಳಿಂದ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬರುವ ಜನರನ್ನು ನಾವು ದಿನಾಲೂ ಈ ದಾರಿಯಲ್ಲಿ ಕಾಣುತ್ತಿರುವೆವು.

ಇಂತಹವರ ಮನೆಯವರು ವೈದ್ಯರಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಎರಡೇ: ಶಸ್ತ್ರವನ್ನು ಪ್ರಯೋಗಿಸುವವರು ಯಾರು, ಖರ್ಚು ಎಷ್ಟು. ಈ ಎರಡೂ ಯೋಗ್ಯವಾದ ಪ್ರಶ್ನೆಗಳೇ ಸರಿ. ಆದರೆ ಸಂಜೆ ಮನೆಗೆ ಮರಳುವುದು ಸಾಧ್ಯವೋ ಅಸಾಧ್ಯವೋ ಎಂಬುದನ್ನು ಬಹಳಷ್ಟು ಮಟ್ಟಿಗೆ ನಿರ್ಣಯಿಸುವ ಮೂರನೆಯ ವಿಷಯವೊಂದಿದೆ. ಅದನ್ನು ಕೇಳುವವರು ವಿರಳ. ಬೆನ್ನಿಗೆ ಚುಚ್ಚಿ ಸೊಂಟದ ಕೆಳಭಾಗವನ್ನು ಮರಗಟ್ಟಿಸುವ ಮದ್ದು ಯಾವುದು, ಅದರ ಪ್ರಮಾಣವೆಷ್ಟು ಎಂಬುದೇ ಆ ವಿಷಯ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಬಲ್ಲಾಳಕವಿಯ ಭೋಜಪ್ರಬಂಧದಲ್ಲಿ ಒಂದು ಕಥೆಯಿದೆ. ಭೋಜರಾಜನಿಗೆ ತಾಳಲಾರದ ತಲೆನೋವು. ಅಶ್ವಿನೀದೇವತೆಗಳು ಬ್ರಾಹ್ಮಣ ವೈದ್ಯರ ವೇಷದಿಂದ ಬಂದು, ಮೋಹಚೂರ್ಣವೆಂಬ ಪುಡಿಯಿಂದ ರಾಜನ ಎಚ್ಚರವನ್ನು ತಪ್ಪಿಸಿ, ಕಪಾಲವನ್ನು ತೆರೆದು ರೋಗಕಾರಣವನ್ನು ಹೊರತೆಗೆದು, ಕೊನೆಗೆ ಸಂಜೀವಿನಿಯನ್ನು ಪ್ರಯೋಗಿಸಿ ಅವನನ್ನು ಎಚ್ಚರಿಸಿದರಂತೆ. ಕಥೆಯು ಕಥೆಯೇ. ಆದರೂ ಅದನ್ನು ಹೆಣೆದವನ ವಿವೇಕವನ್ನು ಗಮನಿಸಬೇಕು: ಅರಿವನ್ನು ಕಳೆಯುವುದಕ್ಕೆ ಒಂದು ಮದ್ದು, ಮರಳಿ ತರುವುದಕ್ಕೆ ಬೇರೊಂದು ಮದ್ದು. ಇಂದಿನ ವೈದ್ಯರ ಕೈಯಲ್ಲಿ ಬೆನ್ನಿಗೆ ಕೊಡುವ ಮೋಹಚೂರ್ಣಗಳು ಹಲವಿವೆ. ಅವುಗಳನ್ನು ಬಿಡಿಸುವ ಸಂಜೀವಿನಿಯು ಮಾತ್ರ ಒಂದೂ ಇಲ್ಲ. ಒಮ್ಮೆ ಬೆನ್ನಿನೊಳಗೆ ಸೇರಿದ ಮದ್ದು ತನ್ನ ಅವಧಿಯನ್ನು ಮುಗಿಸಿಯೇ ಇಳಿಯತಕ್ಕದ್ದು. ಅದನ್ನು ಅರ್ಧದಲ್ಲಿ ಹಿಂದೆಗೆಯುವ ಉಪಾಯವಿಲ್ಲ. ಆದುದರಿಂದ ಇಲ್ಲಿ ಆರಿಸಬೇಕಾದುದು ಮದ್ದಿನ ಬಲವನ್ನಲ್ಲ, ಅದರ ಕಾಲವನ್ನು. ನಮ್ಮ ಲೇಖನದ ಸಾರವೆಲ್ಲ ಇಷ್ಟೇ. ಉಳಿದುದು ಇದರ ವಿವರಣೆ.

ಮೊದಲು ಈ ಮದ್ದು ಕೆಲಸಮಾಡುವ ಬಗೆಯನ್ನು ತಿಳಿಯೋಣ. ಮೆದುಳಿನಿಂದ ಇಳಿದು ಬರುವ ಬೆನ್ನುಹುರಿಯು ಬೆಳೆದ ಮನುಷ್ಯನಲ್ಲಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿಯೇ ಮುಗಿಯುವುದು. ಅದರ ಕೆಳಗೆ ನರಗಳ ಎಳೆಗಳು ಮಾತ್ರ ತಿಳಿಯಾದ ದ್ರವದಲ್ಲಿ, ಕೆರೆಯ ನೀರಿನೊಳಗಣ ಪಾಚಿಯ ಎಳೆಗಳಂತೆ ಸಡಿಲವಾಗಿ ತೇಲುತ್ತಿರುವುವು. ವೈದ್ಯರು ಸೂಜಿಯನ್ನು ಇಳಿಸುವುದು ಸಾಮಾನ್ಯವಾಗಿ ಮೂರು, ನಾಲ್ಕನೆಯ ಮಣಿಗಳ ನಡುವೆ ಅಥವಾ ಅದಕ್ಕೂ ಕೆಳಗೆ. ಎಂದರೆ ಬೆನ್ನುಹುರಿಯು ಮುಗಿದ ಮೇಲಿನ ಜಾಗದಲ್ಲಿ. ಅಲ್ಲಿ ಬಿಟ್ಟ ಮದ್ದು ನರಗಳನ್ನು ನೆನೆಯಿಸಿ, ನೋವಿನ ಸುದ್ದಿಯು ಮೇಲಕ್ಕೆ ಹೋಗದಂತೆಯೂ ಚಲನೆಯ ಆಜ್ಞೆಯು ಕೆಳಕ್ಕೆ ಬಾರದಂತೆಯೂ ತಡೆಯುವುದು. ರೋಗಿಗೆ ಎಚ್ಚರವಿರುವುದು, ಮಾತನಾಡಬಲ್ಲನು. ಆದುದರಿಂದ ಸಂಸ್ಕೃತದ ಸಂಜ್ಞಾಹರಣವೆಂಬ ಪದವಾಗಲಿ, ನಮ್ಮ ಅರಿವಳಿಕೆಯೆಂಬ ಪದವಾಗಲಿ ಇದಕ್ಕೆ ಅಷ್ಟಾಗಿ ಒಪ್ಪದು. ಅರಿವು ಅಳಿಯುವುದಿಲ್ಲ, ಸೊಂಟದ ಕೆಳಗಿನ ಸ್ಪರ್ಶಜ್ಞಾನವೂ ಬಲವೂ ಸ್ವಲ್ಪ ಕಾಲ ಮಲಗುವುವು, ಅಷ್ಟೆ.

ಈ ವಿದ್ಯೆಯ ಹುಟ್ಟು ವಿನೋದಕರವಾದುದು. ೧೮೮೪ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬವರು ಕೊಕೇನನ್ನು ಕಣ್ಣಿಗೆ ಹಾಕಿ ನೋವಿಲ್ಲದೆ ಶಸ್ತ್ರಕ್ರಿಯೆಯನ್ನು ಮಾಡಬಹುದೆಂದು ತೋರಿಸಿದರು. ೧೮೯೮ರ ಆಗಸ್ಟ್ ೧೬ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯರು ಅದೇ ಕೊಕೇನನ್ನು ರೋಗಿಯೊಬ್ಬನ ಬೆನ್ನಿಗೆ ಕೊಟ್ಟು ಕಾಲಿನ ಶಸ್ತ್ರಚಿಕಿತ್ಸೆಯನ್ನು ನಡೆಸಿದರು. ಕೆಲವೇ ದಿನಗಳಲ್ಲಿ ಅವರೂ ಅವರ ಸಹಾಯಕರಾದ ಹಿಲ್ಡೆಬ್ರಾಂಟರೂ ಈ ಪ್ರಯೋಗವನ್ನು ತಮ್ಮ ಮೇಲೆಯೇ ನಡೆಸಲು ಹೊರಟರು. ಸಹಾಯಕರ ಕಾಲಿನ ಎಲುಬಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೂ, ಚರ್ಮಕ್ಕೆ ಉರಿಯುವ ಚುಟ್ಟವನ್ನು ಮುಟ್ಟಿಸಿದರೂ ನೋವು ತಿಳಿಯಲಿಲ್ಲವಂತೆ. ಆ ಮರಗಟ್ಟುವಿಕೆಯು ಸುಮಾರು ಮುಕ್ಕಾಲು ಘಂಟೆಯ ಕಾಲ ನಿಂತಿತು. ಮರುದಿನದಿಂದ ಇಬ್ಬರಿಗೂ ತೀವ್ರವಾದ ತಲೆನೋವು. ಬಿಯರರು ಎದ್ದು ಕುಳಿತರೆ ನೋವು, ಮಲಗಿದರೆ ಶಮನ. ದಪ್ಪ ಸೂಜಿಯು ಮಾಡಿದ ರಂಧ್ರದಿಂದ ಬೆನ್ನಿನ ದ್ರವವು ಸೋರಿದುದೇ ಅದಕ್ಕೆ ಕಾರಣ. ಆ ತಲೆನೋವಿನ ವಿಷಯವನ್ನು ಮುಂದೆ ಹೇಳುವೆವು.

ಕೊಕೇನಿನ ವಿಷಗುಣವನ್ನು ಕಂಡು ವೈದ್ಯಲೋಕವು ಬೇರೆ ಮದ್ದುಗಳನ್ನು ಹುಡುಕಿತು. ಪ್ರೊಕೇನ್ ೧೯೦೫ರಲ್ಲಿ ಬಳಕೆಗೆ ಬಂದಿತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬವರು ೧೯೪೩ರಲ್ಲಿ ಲಿಗ್ನೋಕೇನನ್ನು ತಯಾರಿಸಿದರು. ಬ್ಯುಪಿವಕೇನ್ ಎಂಬುದು ೧೯೫೭ರಲ್ಲಿ ಅದೇ ದೇಶದಲ್ಲಿ ಸಿದ್ಧವಾಯಿತು. ಹೊಸ ಮದ್ದು ಬಂದಂತೆಲ್ಲ ಅದರ ಪರಿಣಾಮದ ಅವಧಿಯು ದೀರ್ಘವಾಯಿತು. ಅತ್ತ ಮೊಣಕಾಲಿನ ಶಸ್ತ್ರವಿದ್ಯೆಯು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆಯಿತು. ೧೯೧೮ರಲ್ಲಿ ಟೋಕಿಯೋ ನಗರದ ಕೆಂಜಿ ತಕಾಗಿಯವರು ಮೂತ್ರಕೋಶವನ್ನು ನೋಡುವ ನಳಿಗೆಯನ್ನು ಶವದ ಮೊಣಕಾಲಿನೊಳಕ್ಕೆ ಇಳಿಸಿ ನೋಡಿದರು. ಅವರ ಶಿಷ್ಯರಾದ ಮಸಾಕಿ ವತನಾಬೆಯವರು ೧೯೬೨ರಲ್ಲಿ ಅಂತಹ ನಳಿಗೆಯ ಮೂಲಕವೇ ಹರಿದ ಮೃದ್ವಸ್ಥಿಯ ಭಾಗವನ್ನು ಕತ್ತರಿಸಿ ತೆಗೆದರು. ಗೇಣುದ್ದದ ಗಾಯದ ಜಾಗದಲ್ಲಿ ಜೋಳದ ಕಾಳಿನಷ್ಟು ಎರಡು ಮೂರು ರಂಧ್ರಗಳಾದುವು; ಕೆಲಸವು ಅರ್ಧ ಮುಕ್ಕಾಲು ಘಂಟೆಗೆ ಇಳಿಯಿತು. ಹೀಗೆ ಶಸ್ತ್ರದ ಕಾಲವು ಕುಗ್ಗುತ್ತಲೂ ಮದ್ದಿನ ಕಾಲವು ಹಿಗ್ಗುತ್ತಲೂ ಹೋದುದರಿಂದ, ಅರ್ಧ ಘಂಟೆಯ ಕೆಲಸಕ್ಕೆ ಅರ್ಧ ದಿನದ ಮರಗಟ್ಟುವಿಕೆಯೆಂಬ ಅಸಾಂಗತ್ಯವು ಹುಟ್ಟಿತು. ಮದ್ದನ್ನು ಆರಿಸುವ ಪ್ರಶ್ನೆಯು ಎದ್ದುದು ಇಲ್ಲಿಂದಲೇ.

ಈ ಪ್ರಶ್ನೆಯು ಎಷ್ಟು ಮನೆಮಟ್ಟಿನದೆಂಬುದಕ್ಕೆ ನಿದರ್ಶನವನ್ನು ಕೊಡುವೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈಗ ಆಟೋರಿಕ್ಷಾವನ್ನು ಓಡಿಸಿ ಜೀವಿಸುತ್ತಿದ್ದಾನೆ. ಬಿಡುವಿನಲ್ಲಿ ಕಬಡ್ಡಿ ಆಡುವ ಚಪಲ. ಆಟದಲ್ಲಿ ಮೊಣಕಾಲು ತಿರುಚಿ, ಒಳಗಣ ಅರ್ಧಚಂದ್ರಾಕೃತಿಯ ಮೃದ್ವಸ್ಥಿಯು ಹರಿದು, ಕಾಲು ನಡುನಡುವೆ ಸಿಕ್ಕಿಕೊಳ್ಳತೊಡಗಿತು. ವೈದ್ಯರು ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದರು. ಅವನ ಮನೆಯಲ್ಲಿರುವವರು ಪಕ್ಷವಾತದಿಂದ ಹಾಸಿಗೆ ಹಿಡಿದ ತಾಯಿ, ಹೆಂಡತಿ, ಇಬ್ಬರೇ. ರಾತ್ರಿ ಅವನು ಆಸ್ಪತ್ರೆಯಲ್ಲಿ ಉಳಿದರೆ ಹೆಂಡತಿಯೂ ಅಲ್ಲಿಯೇ ಉಳಿಯಬೇಕು. ಹಾಗಾದರೆ ಮುದುಕಿಗೆ ಮಗ್ಗುಲು ಬದಲಾಯಿಸುವವರಿಲ್ಲ, ನೀರು ಕೊಡುವವರಿಲ್ಲ. ಅವನು ನಮ್ಮಲ್ಲಿಗೆ ಬಂದು ಕೇಳಿದ ಮಾತು ಇದು: “ಮಾಸ್ತರರೇ, ಬೆನ್ನಿಗೆ ಕೊಡುವ ಮದ್ದಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದನ್ನೇ ಕೊಡಿ, ನಡುವೆ ನೋವು ಬಾರದಿರಲಿ ಎಂದು ಡಾಕ್ಟರರಿಗೆ ಹೇಳಲೇ?” ನೋವಿನ ಭಯದಿಂದ ಹುಟ್ಟಿದ ಈ ಕೋರಿಕೆಯು ಸಹಜವಾದುದು. ಆದರೆ ಅವನು ಕೇಳಬೇಕೆಂದಿದ್ದುದು, ಅವನಿಗೆ ಬೇಕಾಗಿದ್ದುದಕ್ಕೆ ನೇರವಾಗಿ ವಿರುದ್ಧವಾಗಿತ್ತು. ಆ ವಿಷಯವನ್ನು ಬಲ್ಲ ವೈದ್ಯರಿಂದಲೂ ಗ್ರಂಥಗಳಿಂದಲೂ ತಿಳಿದುದನ್ನು ನಾವು ಅವನಿಗೆ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ದೇಶದಲ್ಲಿ ಬೆನ್ನಿಗೆ ಅತ್ಯಧಿಕವಾಗಿ ಬಳಸುವ ಮದ್ದು ಬ್ಯುಪಿವಕೇನ್. ಇದು ನಂಬಿಗಸ್ತ ಹಳೆಯ ಸೇವಕನಂತೆ: ಹೇಳಿದ ಕೆಲಸವನ್ನು ತಪ್ಪದೆ ಮಾಡುವುದು, ಹೊರಡೆಂದರೆ ಬೇಗ ಹೊರಡದು. ಇದರ ಒಂದು ಮಿಲ್ಲಿಲೀಟರಿನಲ್ಲಿ ೫ ಮಿಲ್ಲಿಗ್ರಾಮು ಮದ್ದಿರುವುದು. ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಕೊಡುವ ೧೦ರಿಂದ ೧೫ ಮಿಲ್ಲಿಗ್ರಾಮಿನ ಪ್ರಮಾಣದಲ್ಲಿ ಕಾಲುಗಳು ಸುಮಾರು ಮೂರು ನಾಲ್ಕು ಘಂಟೆಗಳ ಕಾಲ ಮಲಗುವುವು. ಸ್ಥಿರವಾಗಿ ನಡೆದು ಮೂತ್ರವಿಸರ್ಜನೆ ಮಾಡುವಂತಾಗಲು ಆರು ಘಂಟೆಗಳೋ ಅದಕ್ಕಿಂತ ಹೆಚ್ಚೋ ಬೇಕಾಗಬಹುದು. ಮೊಣಕಾಲಿನ ಗಂಟನ್ನೇ ಬದಲಾಯಿಸುವ ದೀರ್ಘ ಕಾರ್ಯಕ್ಕೆ ಇದು ಯೋಗ್ಯ. ನಳಿಗೆಯ ಮೂಲಕ ನಡೆಯುವ ಅರ್ಧ ಘಂಟೆಯ ಕೆಲಸಕ್ಕೆ ಇಷ್ಟನ್ನು ಕೊಡುವುದು, ಒಬ್ಬ ಅತಿಥಿಗಾಗಿ ಮದುವೆಯ ಹಂಡೆಯನ್ನು ಒಲೆಗೇರಿಸಿದಂತೆ. ಆದುದರಿಂದ ದಿನಚಿಕಿತ್ಸೆಗೆ ೫ರಿಂದ ೭.೫ ಮಿಲ್ಲಿಗ್ರಾಮಿನ ಕಿರುಪ್ರಮಾಣವನ್ನು ಬಳಸುವ ವೈದ್ಯರಿದ್ದಾರೆ. ಆಗ ಕಾಲುಗಳು ಬೇಗ ಏಳುವುವು. ಆದರೆ ಪ್ರಮಾಣವನ್ನು ತೀರ ಇಳಿಸಿದರೆ ಮರಗಟ್ಟುವಿಕೆಯು ಅಪೂರ್ಣವಾಗುವ ಸಂಭವವುಂಟು. ಮೊಣಕಾಲಿನ ಕೆಲಸವೆಂದರೆ ತೊಡೆಗೆ ರಕ್ತವನ್ನು ತಡೆಯುವ ಪಟ್ಟಿಯನ್ನು ಬಿಗಿಯುವ ರೂಢಿಯೂ ಇರುವುದರಿಂದ, ಜೋಮು ಮೊಣಕಾಲಿನವರೆಗೆ ಬಂದರೆ ಸಾಲದು, ತೊಡೆಯನ್ನೂ ದಾಟಿ ಮೇಲೇರಬೇಕು.

ಎರಡನೆಯದು ಲಿಗ್ನೋಕೇನ್. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುವ ಮದ್ದು ಇದೇ. ಬೇಗ ಏರಿ ಒಂದೂವರೆ ಘಂಟೆಯ ಸುಮಾರಿಗೆ ಇಳಿಯುವ ಇದರ ಗುಣವು ದಿನಚಿಕಿತ್ಸೆಗೆಂದೇ ಮಾಡಿಸಿದಂತಿದೆ. ಹಿಂದೆ ಬೆನ್ನಿಗೂ ಇದನ್ನು ಧಾರಾಳವಾಗಿ ಕೊಡುತ್ತಿದ್ದರು. ೧೯೯೩ರಲ್ಲಿ ಇದರ ದೋಷವೊಂದು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಯಿತು. ಮರಗಟ್ಟುವಿಕೆಯು ಪೂರ್ಣವಾಗಿ ಇಳಿದ ಮೇಲೆ, ಒಂದು ದಿನದೊಳಗಾಗಿ, ಕೆಲವು ರೋಗಿಗಳಿಗೆ ಪೃಷ್ಠಭಾಗದಿಂದ ತೊಡೆಗಳಿಗೆ ಇಳಿಯುವ ನೋವು ಕಾಣಿಸಿಕೊಂಡು ಕೆಲವು ದಿನ ಪೀಡಿಸುವುದು. ಅದು ಶಾಶ್ವತವಾದುದಲ್ಲ, ತಾನಾಗಿ ಹೋಗುವುದು. ಆದರೆ ಬ್ಯುಪಿವಕೇನಿಗಿಂತ ಲಿಗ್ನೋಕೇನಿನಲ್ಲಿ ಇದು ಅನೇಕ ಪಟ್ಟು ಹೆಚ್ಚೆಂದೂ, ಮೊಣಕಾಲಿಗೆ ನಳಿಗೆಯ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡವರಲ್ಲಿ ಅದರ ಸಂಭವವು ಅಧಿಕವೆಂದೂ ಪರೀಕ್ಷೆಗಳಿಂದ ಸಿದ್ಧವಾಗಿದೆ. ಮೊಣಕಾಲಿನ ನೋವನ್ನು ಕಳೆದುಕೊಳ್ಳಲು ಹೋಗಿ ತೊಡೆಯ ನೋವನ್ನು ತಂದುಕೊಳ್ಳುವುದು ಯಾರಿಗೂ ಇಷ್ಟವಲ್ಲ. ಆದುದರಿಂದ ಬೆನ್ನಿನ ಮಟ್ಟಿಗೆ ಇದರ ಬಳಕೆಯು ಬಹಳ ಕುಗ್ಗಿದೆ.

ಮೂರನೆಯದು ಕ್ಲೋರೋಪ್ರೊಕೇನ್. ಇದು ಹಳೆಯ ಪ್ರೊಕೇನಿನ ವಂಶದ್ದು. ೧೯೫೦ರ ದಶಕದ ಆರಂಭದಲ್ಲಿ ಬಂದುದು. ಇದರ ಚರಿತ್ರೆಯಲ್ಲಿ ಅಪವಾದವೂ ಅಪವಾದದಿಂದ ವಿಮೋಚನೆಯೂ ಇವೆ. ೧೯೮೦ರ ಸುಮಾರಿಗೆ, ಬೆನ್ನಿನ ಹೊರಪೊರೆಗೆಂದು ಕೊಟ್ಟ ದೊಡ್ಡ ಪ್ರಮಾಣವು ತಿಳಿಯದೆ ಒಳಗಿನ ದ್ರವಕ್ಕೆ ಸೇರಿದ ಕೆಲವರಲ್ಲಿ ನರಗಳಿಗೆ ಹಾನಿಯಾದುದು ವರದಿಯಾಯಿತು. ಮದ್ದು ಕೆಡದಿರಲೆಂದು ಬೆರೆಸಿದ್ದ ಗಂಧಕದ ಲವಣದ ಮೇಲೆಯೂ ದ್ರಾವಣದ ಆಮ್ಲಗುಣದ ಮೇಲೆಯೂ ಆಗ ಸಂಶಯವು ಬಂದಿತು. ಮುಂದೆ ಆ ಲವಣವಿಲ್ಲದ ಶುದ್ಧ ದ್ರಾವಣವನ್ನು ತಯಾರಿಸಿ, ಅಲ್ಪಪ್ರಮಾಣದಲ್ಲಿ ಪರೀಕ್ಷಿಸಿ, ೨೦೧೦ರ ದಶಕದಲ್ಲಿ ಯುರೋಪಿನ ದೇಶಗಳೂ ೨೦೧೭ರಲ್ಲಿ ಅಮೆರಿಕವೂ ಅದನ್ನು ಬೆನ್ನಿಗೆ ಕೊಡಲು ಅನುಮತಿಯನ್ನಿತ್ತುವು. ೪೦ರಿಂದ ೫೦ ಮಿಲ್ಲಿಗ್ರಾಮು ಕೊಟ್ಟರೆ ಶಸ್ತ್ರಕ್ರಿಯೆಗೆ ಮುಕ್ಕಾಲು ಘಂಟೆಯಿಂದ ಒಂದು ಘಂಟೆಯ ಅವಕಾಶವು ದೊರೆಯುವುದು. ಎರಡು ಘಂಟೆಗಳ ಆಸುಪಾಸಿನಲ್ಲಿ ರೋಗಿಯು ಎದ್ದು ನಿಲ್ಲಬಲ್ಲನು. ಲಿಗ್ನೋಕೇನಿನ ತೊಡೆನೋವು ಇದರಲ್ಲಿ ಬಹಳ ವಿರಳ. ಇದರ ಜತೆಗೆ ಪ್ರಿಲೋಕೇನ್ ಎಂಬ ಮತ್ತೊಂದನ್ನೂ ಹೆಸರಿಸಬೇಕು. ಯುರೋಪಿನಲ್ಲಿ ದಿನಚಿಕಿತ್ಸೆಗೆ ಬಳಕೆಯಲ್ಲಿರುವ ಇದರ ಅವಧಿಯು ಕ್ಲೋರೋಪ್ರೊಕೇನಿಗಿಂತ ಸ್ವಲ್ಪ ಹೆಚ್ಚು, ಬ್ಯುಪಿವಕೇನಿಗಿಂತ ಕಡಿಮೆ.

ಹಾಗಾದರೆ ಎಲ್ಲರಿಗೂ ಅಲ್ಪಾವಧಿಯ ಮದ್ದನ್ನೇ ಕೊಡಬಹುದಲ್ಲವೇ ಎಂದು ವಾಚಕರು ಕೇಳಬಹುದು. ಅದು ಹಾಗಲ್ಲ. ಹರಿದ ಮೃದ್ವಸ್ಥಿಯ ತುಣುಕನ್ನು ತೆಗೆಯುವುದು ಅರ್ಧ ಘಂಟೆಯ ಕೆಲಸವಾದರೆ, ಮೊಣಕಾಲಿನ ಒಳಗಣ ತುಂಡಾದ ಕಟ್ಟನ್ನು ಹೊಸದಾಗಿ ಕಟ್ಟುವುದು ಒಂದೂವರೆ ಎರಡು ಘಂಟೆಗಳ ಕೆಲಸ. ಅದಕ್ಕೆ ಕ್ಲೋರೋಪ್ರೊಕೇನನ್ನು ಕೊಟ್ಟರೆ, ಅರ್ಧ ದಾರಿಯಲ್ಲಿ ಎಣ್ಣೆ ತೀರಿದ ದೀಪದಂತೆ, ಕೆಲಸವು ಮುಗಿಯುವ ಮೊದಲೇ ಮರಗಟ್ಟುವಿಕೆಯು ಇಳಿಯುವುದು. ಆಗ ರೋಗಿಯನ್ನು ಪೂರ್ಣವಾಗಿ ನಿದ್ರೆಗೊಳಪಡಿಸಬೇಕಾಗುವುದು. ಶಸ್ತ್ರವೈದ್ಯರ ಕೈಯ ವೇಗವು ಎಷ್ಟೆಂಬುದು ಕೂಡ ಈ ಲೆಕ್ಕದಲ್ಲಿ ಸೇರುವುದು. ಅಲ್ಲದೆ ಬೇಗ ಇಳಿಯುವ ಮದ್ದಿನ ಬೆನ್ನಿಗೇ ನೋವೂ ಬೇಗ ಬರುವುದು. ಆದುದರಿಂದ ಜೋಮು ಇಳಿಯುವುದಕ್ಕೆ ಮುಂಚೆಯೇ ನೋವಿನ ಮಾತ್ರೆಯನ್ನು ಕೊಡುವುದು, ಶಸ್ತ್ರದ ಕೊನೆಯಲ್ಲಿ ಗಂಟಿನ ಸುತ್ತ ಮರಗಟ್ಟಿಸುವ ಮದ್ದನ್ನು ಚುಚ್ಚುವುದು ಮೊದಲಾದ ಏರ್ಪಾಡು ಇರಬೇಕು. ಕೆಲವರಿಗೆ ಬೆನ್ನಿನ ಸೂಜಿಗಿಂತ ಲಘುವಾದ ಪೂರ್ಣನಿದ್ರೆಯೇ ಹಿತವಾದೀತು. ಅದನ್ನು ನಿರ್ಣಯಿಸತಕ್ಕವರು ಅರಿವಳಿಕೆಯ ವೈದ್ಯರು.

ಮದ್ದಿಗೆ ಬೆರೆಸುವ ಮದ್ದುಗಳೂ ಇವೆ. ಫೆಂಟನಿಲ್ ಎಂಬುದನ್ನು ೧೦ರಿಂದ ೨೫ ಮೈಕ್ರೋಗ್ರಾಮಿನಷ್ಟು ಸೇರಿಸಿದರೆ ಕಿರುಪ್ರಮಾಣದ ಬ್ಯುಪಿವಕೇನಿಗೆ ಬಲವು ಬರುವುದು. ಕಾಲುಗಳು ಏಳುವುದು ಅಷ್ಟಾಗಿ ತಡವಾಗದು. ಮೈ ತುರಿಸುವುದೊಂದು ಸಣ್ಣ ಉಪದ್ರವ. ಮಾರ್ಫಿನನ್ನು ಬೆನ್ನಿಗೆ ಕೊಟ್ಟರಾದರೋ ಅನೇಕ ಘಂಟೆಗಳ ಮೇಲೆ ಉಸಿರಾಟವು ಮಂದವಾಗುವ ಭಯವಿರುವುದರಿಂದ, ಅದೇ ದಿನ ಮನೆಗೆ ಹೋಗುವವರಿಗೆ ಅದು ಸಲ್ಲದು.

ಮದ್ದಿನಷ್ಟೇ ಮುಖ್ಯವಾದುದು ಅದನ್ನು ಕೊಡುವ ಉಪಾಯ. ೧೯೦೭ರಲ್ಲಿ ಲಂಡನ್ನಿನ ಆರ್ಥರ್ ಬಾರ್ಕರ್ ಎಂಬವರು ಮದ್ದಿಗೆ ದ್ರಾಕ್ಷಾಸಕ್ಕರೆಯನ್ನು ಬೆರೆಸಿ ಅದನ್ನು ಬೆನ್ನಿನ ದ್ರವಕ್ಕಿಂತ ಭಾರವಾಗಿಸಿದರು. ಪಾನಕದ ಬೆಲ್ಲವು ತಳಕ್ಕೆ ಇಳಿಯುವಂತೆ ಆ ಮದ್ದು ಇಳಿಜಾರಿನ ಕಡೆಗೆ ಹರಿಯುವುದು. ಇಂದಿಗೂ ಭಾರವಾದ ಬ್ಯುಪಿವಕೇನಿನಲ್ಲಿ ಈ ಸಕ್ಕರೆಯೇ ಇರುವುದು. ನೋವಿರುವ ಮೊಣಕಾಲು ಕೆಳಗಾಗುವಂತೆ ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಕಿರುಪ್ರಮಾಣವನ್ನು ಮೆಲ್ಲನೆ ಕೊಟ್ಟು, ಹತ್ತು ಹದಿನೈದು ನಿಮಿಷ ಹಾಗೆಯೇ ಇರಿಸಿದರೆ ಮದ್ದಿನ ಹೆಚ್ಚಿನ ಭಾಗವು ಆ ಕಾಲಿನ ನರಗಳಿಗೇ ಹೋಗುವುದು. ಇನ್ನೊಂದು ಕಾಲಿನ ಬಲವು ಬಹಳಷ್ಟು ಉಳಿಯುವುದು. ರಕ್ತದ ಒತ್ತಡವು ಇಳಿಯುವುದೂ, ಮೂತ್ರವು ಕಟ್ಟುವುದೂ ಕಡಿಮೆ. ಕ್ಲೋರೋಪ್ರೊಕೇನ್ ದೊರೆಯದ ಕಡೆಗಳಲ್ಲಿ ಹಳೆಯ ಮದ್ದಿನಿಂದಲೇ ಹೊಸ ಮದ್ದಿನ ಫಲದ ಬಹುಪಾಲನ್ನು ಪಡೆಯುವ ದಾರಿ ಇದು.

ಇನ್ನು ಬಿಯರರನ್ನು ಮಲಗಿಸಿದ ತಲೆನೋವಿನ ಮಾತು. ಅಂದಿನ ದಪ್ಪ ಸೂಜಿಯ ಸ್ಥಾನದಲ್ಲಿ ಇಂದು ೨೫ ಅಥವಾ ೨೭ನೆಯ ಅಂಕದ ಅತಿ ತೆಳುವಾದ ಸೂಜಿಗಳಿವೆ; ಪೆನ್ಸಿಲಿನ ಮೊನೆಯಂತೆ ತುದಿಯುಳ್ಳ ಸೂಜಿಯು ೧೯೫೧ರಲ್ಲಿ ಬಂದಿತು. ಅದು ಪೊರೆಯ ಎಳೆಗಳನ್ನು ಕತ್ತರಿಸದೆ ಸರಿಸಿಕೊಂಡು ಹೋಗುವುದು. ಅಂತಹ ತೆಳು ಸೂಜಿಯಿಂದ ತಲೆನೋವು ಬರುವುದು ನೂರರಲ್ಲಿ ಒಬ್ಬರಿಗೋ ಅದರ ಸುಮಾರಿಗೋ ಮಾತ್ರ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವಮಾನವೆಲ್ಲ ಬೆನ್ನುನೋವು ಬಿಡದೆಂಬ ನಂಬಿಕೆಯೂ ನಮ್ಮ ಹೆಂಗಸರಲ್ಲಿ ಪ್ರಬಲವಾಗಿದೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು; ವರ್ಷಗಟ್ಟಲೆಯ ಬೆನ್ನುನೋವಿಗೆ ಈ ಸೂಜಿಯೇ ಕಾರಣವೆಂಬುದನ್ನು ಪರೀಕ್ಷೆಗಳು ಸಮರ್ಥಿಸುವುದಿಲ್ಲ. ಕಾಲುಗಳಿಗೆ ಶಾಶ್ವತವಾದ ಹಾನಿಯು ಅತ್ಯಂತ ವಿರಳ.

ಮನೆಯವರು ಶಸ್ತ್ರದ ದಿನಕ್ಕೆ ಮುಂಚೆ ಅರಿವಳಿಕೆಯ ವೈದ್ಯರನ್ನು ಕಂಡು ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸೂಚನೆ. ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದು? ಕೊಡುವ ಮದ್ದು ಯಾವುದು, ಅದು ಎಷ್ಟು ಹೊತ್ತಿಗೆ ಇಳಿಯುವುದು? ಜೋಮು ಇಳಿದ ಮೇಲೆ ನೋವಿಗೆ ಏನು ಏರ್ಪಾಡು? ಸಂಜೆಗೆ ಮನೆಗೆ ಹೋಗಲಾಗದಿದ್ದರೆ ಏನು ಮಾಡುವುದು? ಇವನ್ನು ಕೇಳುವುದು ಅವಿನಯವಲ್ಲ. ವೈದ್ಯರಿಗೂ ಇದರಿಂದ ಉಪಕಾರವೇ. ಮದ್ದನ್ನು ಹೀಗೆಯೇ ಕೊಡಿರೆಂದು ಆಜ್ಞಾಪಿಸುವುದು ಬೇರೆ, ನಮ್ಮ ಮನೆಯ ಸ್ಥಿತಿಯು ಹೀಗಿದೆಯೆಂದು ತಿಳಿಸುವುದು ಬೇರೆ. ಮನೆಯು ಫಳ್ನೀರಿನಲ್ಲಿಯೇ ಇದೆಯೋ ಅಥವಾ ೫೦ ಕಿಲೋಮೀಟರು ದೂರದ ಪುತ್ತೂರಿನ ಕಡೆಯ ಗುಡ್ಡದ ಮೇಲಿದೆಯೋ, ಎಷ್ಟು ಮೆಟ್ಟಿಲುಗಳನ್ನು ಏರಬೇಕು, ರಾತ್ರಿ ಬಳಿಯಲ್ಲಿ ಇರುವವರು ಯಾರು ಎಂಬುದನ್ನು ನಾವು ಹೇಳದೆ ವೈದ್ಯರು ಬಲ್ಲರೆಂದು ತಿಳಿಯುವುದು ಸರಿಯಲ್ಲ.

ಹೇಳಲೇಬೇಕಾದ ಬೇರೆ ಸಂಗತಿಗಳೂ ಉಂಟು. ರಕ್ತವನ್ನು ತೆಳುವಾಗಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ತಪ್ಪದೆ ತಿಳಿಸಬೇಕು. ಬೆನ್ನಿನೊಳಗೆ ರಕ್ತವು ಹೆಪ್ಪುಗಟ್ಟಿದರೆ ನರಗಳಿಗೆ ಅಪಾಯ. ಮನೆತನದಲ್ಲಿ ಯಾರಿಗಾದರೂ ಹಿಂದೆ ಶಸ್ತ್ರಚಿಕಿತ್ಸೆಯ ಮೇಲೆ ಉಸಿರಾಟವು ಮರಳಲು ಘಂಟೆಗಟ್ಟಲೆ ತಡವಾಗಿದ್ದರೆ ಅದನ್ನೂ ಹೇಳಬೇಕು. ಕ್ಲೋರೋಪ್ರೊಕೇನನ್ನು ರಕ್ತದಲ್ಲಿ ಕರಗಿಸುವ ಕಿಣ್ವವೊಂದು ಕೆಲವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿರುವುದು. ದಕ್ಷಿಣ ಭಾರತದ ವೈಶ್ಯ ಸಮಾಜದ ಕೆಲವು ಕುಟುಂಬಗಳಲ್ಲಿ ಈ ಕೊರತೆಯು ಇತರರಿಗಿಂತ ಹೆಚ್ಚಾಗಿ ಕಂಡುಬಂದಿದೆ. ವಿಮೆಯ ವಿಷಯದಲ್ಲಿ ಒಂದು ಮಾತು: ದಿನಚಿಕಿತ್ಸೆಯೆಂದು ವಿಮಾಪತ್ರದಲ್ಲಿ ಒಪ್ಪಿರುವ ಶಸ್ತ್ರಕ್ರಿಯೆಗೆ ೨೪ ಘಂಟೆಗಳ ಆಸ್ಪತ್ರೆವಾಸವು ಕಡ್ಡಾಯವಲ್ಲ. ಪತ್ರವನ್ನು ಮೊದಲೇ ಓದಿಕೊಂಡರೆ ಹಣಕ್ಕಾಗಿಯೇ ರಾತ್ರಿ ಕಳೆಯುವ ಅವಶ್ಯಕತೆಯು ಬಾರದು.

ಶಸ್ತ್ರದ ದಿನ ಗೃಹಿಣಿಯರು ನೆನಪಿಡತಕ್ಕ ನಿಯಮಗಳು ಇವು. ಅನ್ನ, ಗಂಜಿ, ಹಾಲು ಬೆರೆಸಿದ ಕಾಫಿ ಮೊದಲಾದುವು ಆರು ಘಂಟೆಗಳಿಗೆ ಮುಂಚೆಯೇ ನಿಲ್ಲಬೇಕು. ತಿಳಿನೀರನ್ನು ಸಾಮಾನ್ಯವಾಗಿ ಎರಡು ಘಂಟೆಗಳ ಮುಂಚಿನವರೆಗೂ ಕುಡಿಯಬಹುದು. ಬಾಯಾರಿಕೆಯಿಂದ ರೋಗಿಯನ್ನು ಒಣಗಿಸುವುದು ಪುಣ್ಯಕಾರ್ಯವಲ್ಲ. ಮನೆಗೆ ಬಂದ ಮೇಲೆ ಮೊದಲ ಸಲ ಎದ್ದು ನಿಲ್ಲುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಸ್ಪರ್ಶವು ಮರಳಿದ ಮಾತ್ರಕ್ಕೆ ಬಲವೂ ಪೂರ್ಣವಾಗಿ ಮರಳಿತೆಂದು ತಿಳಿಯಬಾರದು. ನಮ್ಮ ಕರಾವಳಿಯ ಮುರಕಲ್ಲಿನ ಮೆಟ್ಟಿಲುಗಳು ಆಟಿಯ ತಿಂಗಳಲ್ಲಿ ಹಾವಸೆ ಹಿಡಿದು ಗಟ್ಟಿಮುಟ್ಟಾದವರನ್ನೂ ಕೆಡಹುವುವು. ಅರೆಜೋಮಿನ ಕಾಲಿಗೆ ಹೇಳುವುದೇನು? ಮೂತ್ರವು ಹೋಗದೆ ಕಿಬ್ಬೊಟ್ಟೆ ಉಬ್ಬಿದರೆ, ಕಳೆದ ಜೋಮು ಪುನಃ ಏರಿದರೆ, ಕಾಲಿನ ಬಲವು ಕುಂದಿದರೆ, ಬೆನ್ನಿನಲ್ಲಿ ತೀವ್ರವಾದ ನೋವು ಅಥವಾ ಜ್ವರ ಕಾಣಿಸಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸಬೇಕು. ಎದ್ದರೆ ಬರುವ, ಮಲಗಿದರೆ ಹೋಗುವ ತಲೆನೋವು ಒಂದೆರಡು ದಿನಗಳಲ್ಲಿ ಕಾಣಿಸಿದರೆ ಅದನ್ನೂ ತಿಳಿಸಬೇಕು. ಅದಕ್ಕೆ ಪರಿಹಾರವುಂಟು, ಸಹಿಸಿಕೊಂಡು ಕೂರುವ ಅಗತ್ಯವಿಲ್ಲ.

ಮೇಲೆ ಹೇಳಿದ ನಮ್ಮ ವಿದ್ಯಾರ್ಥಿಯು ವೈದ್ಯರ ಮುಂದೆ ತನ್ನ ತಾಯಿಯ ಸ್ಥಿತಿಯನ್ನು ನಿವೇದಿಸಿದನು. ಅವರು ಅವನ ಮಾತನ್ನು ಸಾವಧಾನವಾಗಿ ಕೇಳಿ, ಆ ದಿನದ ಪಟ್ಟಿಯಲ್ಲಿ ಅವನನ್ನು ಮೊದಲನೆಯವನಾಗಿ ಇರಿಸಿ, ಕಿರುಪ್ರಮಾಣದ ಮದ್ದನ್ನು ಮಗ್ಗುಲಾಗಿ ಮಲಗಿಸಿ ಕೊಟ್ಟರಂತೆ. ಮದ್ದು ಬೇರೆಯಾಗಲಿಲ್ಲ, ಖರ್ಚು ಹೆಚ್ಚಲಿಲ್ಲ. ಪ್ರಮಾಣವೂ ಕ್ರಮವೂ ಬೇರೆಯಾದುವು, ಅಷ್ಟೆ. ಮಧ್ಯಾಹ್ನವು ಕಳೆದ ಮೇಲೆ ಊರುಗೋಲನ್ನು ಹಿಡಿದು ನಿಂತನು; ನಾಲ್ಕು ಘಂಟೆಯ ಹೊತ್ತಿಗೆ ಹೊರಡಲು ಅಪ್ಪಣೆಯಾಯಿತು. ಆ ರಾತ್ರಿ ಅವನ ಹೆಂಡತಿಯು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದು ಇಬ್ಬರ ಶುಶ್ರೂಷೆಯನ್ನೂ ಮಾಡಿದಳು.

ಎಲ್ಲರಿಗೂ ಹೀಗೆಯೇ ಆಗುವುದೆಂದು ನಾವು ಹೇಳಲಾರೆವು. ಮೈಯ ಪ್ರಕೃತಿಯು ಒಬ್ಬರಂತೆ ಒಬ್ಬರದಲ್ಲ; ಚೆನ್ನಾಗಿ ಲೆಕ್ಕಹಾಕಿದ ಮದ್ದೂ ಒಮ್ಮೊಮ್ಮೆ ತಡವಾಗಿ ಇಳಿಯುವುದು. ಆಗ ರಾತ್ರಿಯನ್ನು ಆಸ್ಪತ್ರೆಯಲ್ಲಿಯೇ ಕಳೆಯುವುದು ವಿವೇಕ. ಹಟದಿಂದ ಹೊರಡುವುದು ಅವಿವೇಕ. ಆದರೆ ಯಾವ ಮದ್ದು, ಎಷ್ಟು, ಏಕೆ ಎಂಬ ವಿಚಾರವೇ ನಡೆಯದೆ ರೂಢಿಯ ಪ್ರಮಾಣವು ರೂಢಿಯಂತೆ ಬೆನ್ನಿಗೇರುವುದೂ, ಮನೆಯವರು ಸಂಜೆಯವರೆಗೆ ಮಂಚದ ಬಳಿ ಕಾಲ್ಬೆರಳುಗಳು ಯಾವಾಗ ಅಲುಗಾಡುವುವೆಂದು ನೋಡುತ್ತ ಕುಳಿತಿರುವುದೂ ತಪ್ಪಬೇಕು. ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂತಹ ಪ್ರಸಂಗವು ಒದಗಿದರೆ, ಹಿಂದಿನ ದಿನವೇ ಆ ನಾಲ್ಕು ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ ವೈದ್ಯರಲ್ಲಿ ಕೇಳಬೇಕೆಂದು ನಮ್ಮ ವಿಜ್ಞಾಪನೆ.